ಬೂಸ್ಟ್ ಸರಿಯಿದ್ದರೂ ಟರ್ಬೊ ಒಡೆಯುವುದೇಕೆ? ಶಾಫ್ಟ್ ವೇಗವನ್ನು ಅಳೆಯಲು ಒಂದು ಮಾರ್ಗದರ್ಶಿ

"ಬೂಸ್ಟ್ ಗೇಜ್ ಎಂದಿನಷ್ಟೇ ತೋರಿಸುತ್ತಿತ್ತು, ಆಯಿಲ್ ಕೂಡ ಹೊತ್ತಿಗೆ ಸರಿಯಾಗಿ ಬದಲಿಸಿದ್ದೆ. ಆದರೂ ಟರ್ಬೊ ಒಡೆದುಹೋಯಿತು. ಏಕೆ?" ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆ ಇದು. ಆಯಿಲ್ ಕೊರತೆಯಾಗಲೀ ಹೊರಗಿನ ಚೂರು ಒಳನುಗ್ಗಿದ್ದಾಗಲೀ ಕಾರಣವಲ್ಲ ಎಂದು ಖಚಿತವಾದ ಮೇಲೆ ಉಳಿಯುವ ದೊಡ್ಡ ಅನುಮಾನ ಒಂದೇ, ಅತಿವೇಗ. ಅಂದರೆ ಟರ್ಬೊದ ಶಾಫ್ಟ್ ತನಗೆ ಹಾಕಿದ ಮಿತಿಯನ್ನು ಮೀರಿ ತಿರುಗಿದೆ. ಬೂಸ್ಟ್ ಗೇಜ್ ಇದನ್ನು ಹೇಳುವುದಿಲ್ಲ, ಏಕೆಂದರೆ ಅದು ಅಳೆಯುವುದು ಕೆಲಸದ ಫಲವನ್ನು. ಆ ಫಲಕ್ಕಾಗಿ ಶಾಫ್ಟ್ ಎಷ್ಟು ತಿಣುಕಿತು ಎಂಬುದು ಗೇಜಿನ ಮುಳ್ಳಿಗೆ ಗೊತ್ತಾಗದು.

ಟರ್ಬೊ ಇರುವ ಕಾರು, ಲಾರಿ, ಟ್ರ್ಯಾಕ್ಟರ್, ಜನರೇಟರ್ ಯಾವುದಿದ್ದರೂ ಕೆಳಗೆ ಹೇಳುವ ಕ್ರಮ ಅನ್ವಯಿಸುತ್ತದೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡವರಿಗೆ, ಎತ್ತರದ ಘಾಟಿಗಳಲ್ಲಿ ಭಾರ ಎಳೆಯುವವರಿಗೆ ಇದು ಹೆಚ್ಚು ಬೇಕಾಗುತ್ತದೆ.

ಹಂತಗಳಿಗೆ ಮುನ್ನ ತಿಳಿದಿರಬೇಕಾದದ್ದು

ಟರ್ಬೊಚಾರ್ಜರ್ ಎಂದರೆ ಒಂದೇ ಶಾಫ್ಟಿನ ಎರಡು ತುದಿಗಳಿಗೆ ಕೂರಿಸಿದ ಎರಡು ಚಕ್ರಗಳು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದರ ಜೊತೆಗೇ ತಿರುಗುವ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತಳ್ಳುತ್ತದೆ. ಹೀಗೆ ತಳ್ಳಿದ ಗಾಳಿಯ ಒತ್ತಡ ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆಯೋ ಅದೇ ಬೂಸ್ಟ್. ಈ ಶಾಫ್ಟಿಗೂ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೂ ನಡುವೆ ಗೇರಿಲ್ಲ, ಬೆಲ್ಟಿಲ್ಲ. ಆದ್ದರಿಂದ ಎಂಜಿನ್ನಿನ ಆರ್‌ಪಿಎಂ ನೋಡಿ ಟರ್ಬೊದ ವೇಗವನ್ನು ಹೇಳಲಾಗದು. ಟರ್ಬೈನಿಗೆ ಸಿಗುವ ಶಕ್ತಿ, ಕಂಪ್ರೆಸರ್ ಬಳಸುವ ಶಕ್ತಿ ಇವೆರಡೂ ಸರಿದೂಗುವ ತನಕ ವೇಗ ಏರುತ್ತಲೇ ಇರುತ್ತದೆ.

ಎಷ್ಟು ವೇಗ? ಕಾರುಗಳ ಸಣ್ಣ ಟರ್ಬೊಗಳು ನಿಮಿಷಕ್ಕೆ 2,00,000 ಸುತ್ತು ದಾಟುವುದು ಸಾಮಾನ್ಯ. ಲಾರಿಗಳ ದೊಡ್ಡ ಟರ್ಬೊಗಳು 1,00,000 ಸುತ್ತಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. 60 ಮಿಲಿಮೀಟರ್ ವ್ಯಾಸದ ಚಕ್ರವೊಂದು 1,50,000 ಸುತ್ತಿನಲ್ಲಿದೆ ಎಂದುಕೊಳ್ಳಿ. ಅದರ ಅಂಚು ಸೆಕೆಂಡಿಗೆ ಸುಮಾರು 470 ಮೀಟರ್ ಸಾಗುತ್ತಿರುತ್ತದೆ, ಗಾಳಿಯಲ್ಲಿ ಶಬ್ದ ಸಾಗುವುದಕ್ಕಿಂತ ವೇಗವಾಗಿ. ಆ ಅಂಚಿನಲ್ಲಿರುವ ಒಂದೇ ಒಂದು ಗ್ರಾಂ ಲೋಹ ಚಕ್ರದಿಂದ ಕಿತ್ತುಕೊಂಡು ಹೋಗಲು ಸುಮಾರು 750 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತದೆ. ಈ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ 10 ಶೇಕಡಾ ಹೆಚ್ಚಿದರೆ ಲೋಹದ ಮೇಲಿನ ಒತ್ತಡ 21 ಶೇಕಡಾ, 20 ಶೇಕಡಾ ಹೆಚ್ಚಿದರೆ 44 ಶೇಕಡಾ ಹೆಚ್ಚುತ್ತದೆ.

ಇಲ್ಲಿ ಬಹಳ ಜನ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. "ಒಮ್ಮೆ ಅತಿವೇಗಕ್ಕೆ ಹೋಗಿತ್ತು, ಏನೂ ಆಗಲಿಲ್ಲ, ಹಾಗಾದರೆ ತಡೆದುಕೊಳ್ಳುತ್ತದೆ" ಎಂದುಕೊಳ್ಳುತ್ತಾರೆ. ಚಕ್ರ ಪ್ರತಿ ಸಲ ವೇಗ ಪಡೆದು ಇಳಿದಾಗಲೂ ಅದರ ನಡುಭಾಗದ ಲೋಹ ಒಮ್ಮೆ ಹಿಗ್ಗಿ ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಲೋಹ ದಣಿಯುತ್ತದೆ. ಮಿತಿಯೊಳಗಿದ್ದರೆ ಈ ದಣಿವಿಗೆ ಬಹಳ ದೀರ್ಘ ಕಾಲ ಬೇಕು. ಮಿತಿ ಮೀರಿದ ಪ್ರತಿ ಏರಿಳಿತವೂ ಆಯುಷ್ಯದಲ್ಲಿ ದೊಡ್ಡ ಪಾಲನ್ನು ತಿನ್ನುತ್ತದೆ. ಶಾಫ್ಟ್ ತೂರುವ ರಂಧ್ರದ ಬಳಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಹುಟ್ಟಿ, ತಿಂಗಳುಗಳ ನಂತರ ಯಾವುದೋ ಸಾಮಾನ್ಯ ಪ್ರಯಾಣದಲ್ಲಿ ಚಕ್ರ ಸೀಳಬಹುದು. ಆ ದಿನ ವೇಗ ಮಿತಿಯೊಳಗೇ ಇದ್ದಿರಲೂಬಹುದು.

1. ನಿಮ್ಮ ಟರ್ಬೊದ ಮಿತಿ ಯಾವುದೆಂದು ಕಂಡುಕೊಳ್ಳಿ

ಟರ್ಬೊದ ಮೇಲಿನ ಲೋಹದ ತಗಡಿನಲ್ಲಿ ಮಾದರಿ ಸಂಖ್ಯೆ ಮತ್ತು ಭಾಗದ ಸಂಖ್ಯೆ ಇರುತ್ತವೆ. ಅವುಗಳ ಆಧಾರದ ಮೇಲೆ ತಯಾರಕರ ಕಂಪ್ರೆಸರ್ ಮ್ಯಾಪ್ ಹುಡುಕಿ. ಗ್ಯಾರೆಟ್, ಬೋರ್ಗ್‌ವಾರ್ನರ್ ಮುಂತಾದ ಸಂಸ್ಥೆಗಳು ಬಿಡಿಯಾಗಿ ಮಾರುವ ಟರ್ಬೊಗಳಿಗೆ ಇದನ್ನು ಪ್ರಕಟಿಸುತ್ತವೆ. ಮ್ಯಾಪ್ ಎಂದರೆ ಒಂದು ನಕ್ಷೆ. ಅದರ ಅಡ್ಡಗೆರೆಯಲ್ಲಿ ಗಾಳಿಯ ಹರಿವು, ಉದ್ದಗೆರೆಯಲ್ಲಿ ಒತ್ತಡದ ಅನುಪಾತ, ಅಂದರೆ ಕಂಪ್ರೆಸರಿನಿಂದ ಹೊರಬರುವ ಗಾಳಿಯ ಒತ್ತಡವನ್ನು ಒಳಹೋಗುವ ಗಾಳಿಯ ಒತ್ತಡದಿಂದ ಭಾಗಿಸಿದಾಗ ಬರುವ ಸಂಖ್ಯೆ. ಎಡದಿಂದ ಬಲಕ್ಕೆ ಸಾಗಿ ಕೆಳಕ್ಕೆ ಬಾಗುವ ಗೆರೆಗಳ ಪಕ್ಕದಲ್ಲಿ ಬರೆದಿರುವ ದೊಡ್ಡ ಸಂಖ್ಯೆಗಳೇ ಶಾಫ್ಟಿನ ವೇಗ. ಎಲ್ಲಕ್ಕಿಂತ ಮೇಲಿನ ಗೆರೆಯನ್ನು ನಿಮ್ಮ ಮೇಲಿನ ಮಿತಿ ಎಂದು ಇಟ್ಟುಕೊಳ್ಳಿ. ತಯಾರಕರು ಗರಿಷ್ಠ ವೇಗವನ್ನು ಬೇರೆಯಾಗಿ ಹೇಳಿದ್ದರೆ ಅದನ್ನೇ ಅನುಸರಿಸಿ.

ಒಂದು ಸೂಕ್ಷ್ಮವಿದೆ. ಮ್ಯಾಪಿನಲ್ಲಿರುವುದು ಸಾಮಾನ್ಯವಾಗಿ ಸರಿಪಡಿಸಿದ ವೇಗ, ಅಂದರೆ ಒಳಬರುವ ಗಾಳಿ ಒಂದು ಗೊತ್ತಾದ ಉಷ್ಣಾಂಶದಲ್ಲಿದ್ದರೆ ಇರಬೇಕಾದ ವೇಗ. ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಅದೇ ಕೆಲಸಕ್ಕೆ ಶಾಫ್ಟ್ ಇನ್ನೂ ಹೆಚ್ಚು ತಿರುಗಬೇಕು. 15 ಡಿಗ್ರಿ ಸೆಲ್ಸಿಯಸ್‌ಗೆ ಬರೆದ ಮ್ಯಾಪ್ ಇದ್ದು, ಬಾನೆಟ್ಟಿನೊಳಗಿನ 45 ಡಿಗ್ರಿ ಗಾಳಿಯನ್ನು ಟರ್ಬೊ ಎಳೆಯುತ್ತಿದ್ದರೆ ನಿಜವಾದ ವೇಗ ಮ್ಯಾಪಿನ ಸಂಖ್ಯೆಗಿಂತ ಸುಮಾರು 5 ಶೇಕಡಾ ಹೆಚ್ಚಿರುತ್ತದೆ. ಆಧಾರವಾಗಿ ಹಿಡಿದ ಉಷ್ಣಾಂಶ ಎಲ್ಲ ತಯಾರಕರಲ್ಲೂ ಒಂದೇ ಅಲ್ಲ. ಮ್ಯಾಪಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಓದಿಕೊಳ್ಳಿ.

ಕಾರು ಕಂಪನಿ ಅಳವಡಿಸಿ ಕೊಟ್ಟ ಟರ್ಬೊಗೆ ಮ್ಯಾಪ್ ಸಿಗದಿದ್ದರೆ ಚಕ್ರದ ಹೊರವ್ಯಾಸದಿಂದ ಅಂಚಿನ ವೇಗವನ್ನು ಲೆಕ್ಕ ಹಾಕಿ: ವ್ಯಾಸವನ್ನು ಮೀಟರಿನಲ್ಲಿ ತೆಗೆದುಕೊಂಡು 3.14 ರಿಂದಲೂ ಸೆಕೆಂಡಿನ ಸುತ್ತುಗಳಿಂದಲೂ ಗುಣಿಸಿದರೆ ಸಾಕು. ಎರಕದ ಅಲ್ಯೂಮಿನಿಯಂ ಚಕ್ರದಲ್ಲಿ ಇದು ಸೆಕೆಂಡಿಗೆ 500 ಮೀಟರಿನ ಹತ್ತಿರ ಬಂದರೆ ನಾನು ಅದನ್ನು ಅಪಾಯದ ಅಂಚೆಂದೇ ಪರಿಗಣಿಸುತ್ತೇನೆ. ಗಟ್ಟಿ ಲೋಹದಿಂದ ಕಡೆದು ಮಾಡಿದ ಚಕ್ರ ಇನ್ನಷ್ಟು ತಾಳುತ್ತದೆ, ಟೈಟೇನಿಯಂ ಚಕ್ರ ಅದಕ್ಕೂ ಹೆಚ್ಚು. ಫಾರ್ಮುಲಾ 1 ರಲ್ಲಿ 2014 ರಲ್ಲಿ ಟರ್ಬೊ ಮರಳಿ ಬಂದಾಗ ನಿಯಮಾವಳಿಯೇ ಅದರ ವೇಗಕ್ಕೆ ನಿಮಿಷಕ್ಕೆ 1,25,000 ಸುತ್ತಿನ ಗಡಿ ಹಾಕಿತ್ತು.

2. ವೇಗದ ಸೆನ್ಸರ್ ಕೊಳ್ಳುವ ಮೊದಲು ಲೆಕ್ಕ ಹಾಕಿ ನೋಡಿ

ಈ ಹಂತವನ್ನು ಹಾರಿಸಬೇಡಿ. ಕಾಗದದ ಮೇಲೆ ಮಾಡಿದ ಲೆಕ್ಕವೇ ಅರ್ಧ ಉತ್ತರ ಕೊಡುತ್ತದೆ.

2 ಲೀಟರಿನ ಎಂಜಿನ್ 4,000 ಆರ್‌ಪಿಎಂನಲ್ಲಿ ಓಡುತ್ತಿದೆ. ಸಿಲಿಂಡರ್‌ಗಳು ತಮ್ಮ ಗಾತ್ರದ 90 ಶೇಕಡಾದಷ್ಟು ತುಂಬುತ್ತಿವೆ. ಮ್ಯಾನಿಫೋಲ್ಡಿನಲ್ಲಿ, ಅಂದರೆ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆಯಲ್ಲಿ, ಒಟ್ಟು ಒತ್ತಡ 2.2 ಬಾರ್, ಗಾಳಿಯ ಉಷ್ಣಾಂಶ 50 ಡಿಗ್ರಿ. ಈ ಎಂಜಿನ್ ಸೆಕೆಂಡಿಗೆ ಸುಮಾರು 142 ಗ್ರಾಂ ಗಾಳಿ ನುಂಗುತ್ತದೆ. ಇಂಟರ್‌ಕೂಲರ್, ಅಂದರೆ ಬಿಸಿಯಾದ ಗಾಳಿಯನ್ನು ತಣಿಸುವ ರೇಡಿಯೇಟರಿನಂಥ ಭಾಗ, 0.1 ಬಾರ್ ಕಳೆದರೆ ಗಾಳಿ ಕಂಪ್ರೆಸರಿನಿಂದ ಹೊರಬರುವ ಬಾಯಲ್ಲಿ 2.3 ಬಾರ್ ಇರಬೇಕು.

ಸಮುದ್ರಮಟ್ಟದಲ್ಲಿ ಫಿಲ್ಟರ್ ದಾಟಿ ಬರುವ ಗಾಳಿಯ ಒತ್ತಡ 0.98 ಬಾರ್ ಎಂದಿಟ್ಟುಕೊಳ್ಳಿ. ಅನುಪಾತ 2.3 ಭಾಗಿಸು 0.98, ಅಂದರೆ 2.35. ಈಗ ಅದೇ ವಾಹನ 3,000 ಮೀಟರ್ ಎತ್ತರಕ್ಕೆ ಹೋಗಿದೆ. ಅಲ್ಲಿ ವಾತಾವರಣದ ಒತ್ತಡವೇ ಸುಮಾರು 0.70 ಬಾರ್, ಫಿಲ್ಟರ್ ದಾಟುವಷ್ಟರಲ್ಲಿ 0.67. ಮ್ಯಾನಿಫೋಲ್ಡಿನಲ್ಲಿ ಅದೇ 2.2 ಬಾರ್ ಬೇಕೆಂದು ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಕ ಹಟ ಹಿಡಿದರೆ ಅನುಪಾತ 3.43 ಕ್ಕೆ ಏರುತ್ತದೆ. ಅಷ್ಟೇ ಅಲ್ಲ, ಮ್ಯಾಪಿನ ಅಡ್ಡಗೆರೆಯೂ ಒಳಬರುವ ಒತ್ತಡಕ್ಕೆ ತಕ್ಕಂತೆ ಸರಿಪಡಿಸಿದ್ದು. ಸಮುದ್ರಮಟ್ಟದಲ್ಲಿ ಮ್ಯಾಪಿನ 147 ಗ್ರಾಂ ಬಳಿ ಇದ್ದ ಬಿಂದು ಈಗ 215 ಕ್ಕೆ ಸರಿಯುತ್ತದೆ. ಎಂಜಿನ್ ನುಂಗುತ್ತಿರುವುದು ಅದೇ 142 ಗ್ರಾಂ, ಮ್ಯಾನಿಫೋಲ್ಡಿನ ಒತ್ತಡವೂ ಅದೇ. ಮ್ಯಾಪಿನ ಮೇಲೆ ಮಾತ್ರ ನೀವು ಮೇಲಕ್ಕೂ ಬಲಕ್ಕೂ ಒಮ್ಮೆಗೇ ಜಿಗಿದಿದ್ದೀರಿ, ಹಲವು ವೇಗದ ಗೆರೆಗಳನ್ನು ದಾಟಿಕೊಂಡು. ಎತ್ತರದಲ್ಲಿ ಗಾಳಿ ತಣ್ಣಗಿದ್ದರೆ ಅದು ವೇಗವನ್ನು ತುಸು ತಗ್ಗಿಸುತ್ತದೆ, ಆದರೆ ಈ ಜಿಗಿತದ ಮುಂದೆ ಅದು ಲೆಕ್ಕಕ್ಕೆ ಬರುವಷ್ಟಲ್ಲ.

ಉಷ್ಣಾಂಶವನ್ನೂ ನೋಡಿ. 27 ಡಿಗ್ರಿ ಗಾಳಿಯನ್ನು 2.35 ಅನುಪಾತಕ್ಕೆ 72 ಶೇಕಡಾ ದಕ್ಷತೆಯಲ್ಲಿ ಒತ್ತಿದರೆ ಅದು ಸುಮಾರು 140 ಡಿಗ್ರಿಯಲ್ಲಿ ಹೊರಬರುತ್ತದೆ. 3.43 ಅನುಪಾತದಲ್ಲಿ, ದಕ್ಷತೆ 65 ಕ್ಕೆ ಇಳಿದಿದ್ದರೆ, ಸುಮಾರು 220 ಡಿಗ್ರಿ. ಅಲ್ಯೂಮಿನಿಯಂ ಈ ಬಿಸಿಯಲ್ಲಿ ತನ್ನ ಬಲವನ್ನು ಗಣನೀಯವಾಗಿ ಕಳೆದುಕೊಳ್ಳುತ್ತದೆ. ಎಳೆತ ಹೆಚ್ಚುತ್ತಿರುವ ಹೊತ್ತಿಗೇ ಲೋಹ ಮೆತ್ತಗಾಗುತ್ತದೆ. ಅತಿವೇಗದ ಅಪಾಯ ದುಪ್ಪಟ್ಟಾಗುವುದು ಇಲ್ಲಿ.

ತಯಾರಕರ ಮೂಲ ಪ್ರೋಗ್ರಾಂನಲ್ಲಿ ಎತ್ತರಕ್ಕೆ ಹೋದಂತೆ ಬೂಸ್ಟ್ ತಗ್ಗಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. "ಘಾಟಿಯಲ್ಲಿ ಗಾಡಿ ಎಳೆಯುತ್ತಿಲ್ಲ" ಎಂದು ದೂರಿ, ಪ್ರೋಗ್ರಾಂ ಬದಲಿಸಿ ಆ ಏರ್ಪಾಡನ್ನೇ ತೆಗೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈಗಾಗಲೇ ಮಾಡಿಸಿದ್ದರೆ ಮೇಲಿನ ಲೆಕ್ಕವನ್ನು ನಿಮ್ಮದೇ ಸಂಖ್ಯೆಗಳಿಂದ ಇವತ್ತೇ ಹಾಕಿ ನೋಡಿ.

3. ಶಾಫ್ಟನ್ನು ವಿನಾಕಾರಣ ಓಡಿಸುತ್ತಿರುವ ದೋಷಗಳನ್ನು ಹುಡುಕಿ

ಅತಿವೇಗಕ್ಕೆ ಕಾರಣ ಟರ್ಬೊದ ಒಳಗಿರುವುದು ಅಪರೂಪ. ಅದರ ಸುತ್ತಮುತ್ತ ನೋಡಬೇಕು.

ಕಂಪ್ರೆಸರಿನ ನಂತರದ ಸೋರಿಕೆ ಎಲ್ಲಕ್ಕಿಂತ ಮೋಸಗಾರ. ಹೋಸ್ ಸೀಳಿದ್ದರೆ, ಕ್ಲಾಂಪ್ ಸಡಿಲವಾಗಿದ್ದರೆ, ಇಂಟರ್‌ಕೂಲರಿನ ಪ್ಲಾಸ್ಟಿಕ್ ತೊಟ್ಟಿ ಬಿರಿದಿದ್ದರೆ ಗಾಳಿಯ ಒಂದು ಪಾಲು ಹೊರಹೋಗುತ್ತದೆ. ಬೂಸ್ಟ್ ಕುಸಿಯದಂತೆ ನೋಡಿಕೊಳ್ಳುವುದು ಎಂಜಿನ್ ನಿಯಂತ್ರಕದ ಕೆಲಸ, ಅದು ಟರ್ಬೊವನ್ನು ಇನ್ನಷ್ಟು ಓಡಿಸಿ ಕೊರತೆ ತುಂಬುತ್ತದೆ. ಗೇಜಿನಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಇದನ್ನು ಪರೀಕ್ಷಿಸಲು ಟರ್ಬೊದ ಒಳಬಾಯಿಗೆ ಗಾಳಿ ತುಂಬುವ ಮುಚ್ಚಳ ಹಾಕಿ, ರೆಗ್ಯುಲೇಟರ್ ಮೂಲಕ ಸಾಮಾನ್ಯ ಬೂಸ್ಟಿಗಿಂತ ಹೆಚ್ಚಾಗದಷ್ಟು ಒತ್ತಡ ಕೊಟ್ಟು, ಪ್ರತಿ ಜೋಡಣೆಯ ಮೇಲೂ ಸೋಪಿನ ನೀರು ಸಿಂಪಡಿಸಿ. ಎರಡು ಎಚ್ಚರಿಕೆ. ಮುಚ್ಚಳವನ್ನು ಕ್ಲಾಂಪಿನಿಂದ ಭದ್ರಪಡಿಸಿ ಮತ್ತು ಅದರ ನೇರಕ್ಕೆ ನಿಲ್ಲಬೇಡಿ. ಅದು ಹಾರಿದರೆ ಮುಖಕ್ಕೆ ಬಡಿಯುತ್ತದೆ. ಎಂಜಿನ್ ಉಸಿರಾಡುವ ಬ್ರೀದರ್ ಪೈಪ್ ಟರ್ಬೊದ ಮುಂಚೆ ಬಂದು ಸೇರುತ್ತಿದ್ದರೆ ಅದನ್ನು ಬೇರೆ ಮಾಡಿ ಮುಚ್ಚಿ, ಇಲ್ಲದಿದ್ದರೆ ಒತ್ತಡ ಎಂಜಿನ್ನಿನ ಹೊಟ್ಟೆಗೆ ಹೋಗಿ ಆಯಿಲ್ ಸೀಲುಗಳನ್ನು ಹಾಳುಮಾಡುತ್ತದೆ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಕಿವಿಗೊಟ್ಟು ಕೇಳಿದರೆ ಸೋರಿಕೆ ಸಿಗುವುದಿಲ್ಲ. ಆಗ ಪೈಪಿನಲ್ಲಿ ಬೂಸ್ಟೇ ಇರುವುದಿಲ್ಲ.

ಏರ್ ಫಿಲ್ಟರ್ ಕಟ್ಟಿಕೊಂಡರೂ ಫಲ ಅದೇ, ಏಕೆಂದರೆ ಅನುಪಾತದ ಲೆಕ್ಕದಲ್ಲಿ ಕೆಳಗಿರುವ ಸಂಖ್ಯೆ ಇಳಿಯುತ್ತದೆ. ಭಾರೀ ಡೀಸೆಲ್ ಎಂಜಿನ್‌ಗಳಲ್ಲಿ ಫಿಲ್ಟರಿನಿಂದಾಗುವ ಒತ್ತಡದ ಇಳಿತ 0.06 ಬಾರ್ ತಲುಪಿದರೆ ಬದಲಿಸುವುದು ರೂಢಿ.

ನಂತರ ವೇಸ್ಟ್‌ಗೇಟ್. ಸಾಕಷ್ಟು ಬೂಸ್ಟ್ ಆದಮೇಲೆ ಹೊಗೆಯ ಒಂದು ಪಾಲನ್ನು ಟರ್ಬೈನಿನ ಪಕ್ಕದಿಂದ ದಾಟಿಸುವ ಬಾಗಿಲು ಇದು. ಒತ್ತಡದಿಂದ ತೆರೆಯುವ ಮಾದರಿಯಲ್ಲಿ ಅದರ ಸಣ್ಣ ರಬ್ಬರ್ ಹೋಸ್ ಕಳಚಿದರೆ ಬಾಗಿಲು ತೆರೆಯುವುದೇ ಇಲ್ಲ. ಹೊಗೆಯ ದಾರಿಯನ್ನು ಹಿರಿದು ಕಿರಿದು ಮಾಡಲು ಟರ್ಬೈನಿನ ಸುತ್ತ ಹೊರಳುವ ರೆಕ್ಕೆಗಳಿರುವ ವಿಜಿಟಿ ಮಾದರಿಯಲ್ಲಿ, ಮಸಿ ಕಟ್ಟಿ ಆ ರೆಕ್ಕೆಗಳು ಮುಚ್ಚಿದ ಸ್ಥಿತಿಯಲ್ಲೇ ಅಂಟಿಕೊಂಡರೆ ಹೊಗೆ ಕಿರಿದಾದ ಸಂದಿಯಿಂದ ರಭಸವಾಗಿ ನುಗ್ಗಿ ಟರ್ಬೈನನ್ನು ಓಡಿಸುತ್ತದೆ. ಈ ಬಾಗಿಲನ್ನೋ ರೆಕ್ಕೆಗಳನ್ನೋ ಸರಿಸುವ ಆಕ್ಚುಯೇಟರಿನ ಕಂಬಿ ಎರಡೂ ಕೊನೆಗಳವರೆಗೆ ಎಲ್ಲೂ ಸಿಕ್ಕಿಕೊಳ್ಳದೆ ಓಡಾಡುತ್ತದೆಯೇ ಎಂದು ನೋಡಿ.

ಸೈಲೆನ್ಸರ್ ತೆಗೆದು ದೊಡ್ಡ ಪೈಪ್ ಹಾಕಿಸಿಕೊಂಡಿದ್ದರೆ ಟರ್ಬೈನಿನ ಹಿಂದಿನ ತಡೆ ಕಡಿಮೆಯಾಗಿ ಅದಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ. ಸಣ್ಣ ವೇಸ್ಟ್‌ಗೇಟ್ ಇದನ್ನು ನಿಭಾಯಿಸಲಾರದು.

4. ಸೆನ್ಸರ್ ಆರಿಸಿಕೊಳ್ಳಿ

ಮೊದಲು ನಿಮ್ಮ ವಾಹನದಲ್ಲಿ ಈಗಾಗಲೇ ಇದೆಯೇ ಎಂದು ನೋಡಿ. ಹೊಸ ತಲೆಮಾರಿನ ಹಲವು ಭಾರೀ ಡೀಸೆಲ್ ಎಂಜಿನ್‌ಗಳಲ್ಲಿ ಟರ್ಬೊ ವೇಗದ ಸೆನ್ಸರ್ ಕಾರ್ಖಾನೆಯಿಂದಲೇ ಬರುತ್ತದೆ. ಸ್ಕ್ಯಾನರ್ ಜೋಡಿಸಿದರೆ ಸಂಖ್ಯೆ ಕಾಣುತ್ತದೆ. ಕೆಲವು ನಿಯಂತ್ರಕಗಳು ಅಳೆಯದೆ ಲೆಕ್ಕ ಹಾಕಿ ವೇಗ ತೋರಿಸುತ್ತವೆ. ಲೆಕ್ಕದ ಸಂಖ್ಯೆ ಸೋರಿಕೆಯನ್ನು ಹಿಡಿಯದೇ ಹೋಗಬಹುದು, ಅದನ್ನು ಅಳತೆ ಎಂದು ನಂಬಬೇಡಿ.

ಹೊರಗಿನಿಂದ ಅಳವಡಿಸುವುದಾದರೆ ಮುಖ್ಯವಾಗಿ ಎರಡು ಬಗೆ. ಎಡ್ಡಿ ಕರೆಂಟ್ ಸೆನ್ಸರ್ ಕಂಪ್ರೆಸರ್ ಹೌಸಿಂಗಿನ, ಅಂದರೆ ಚಕ್ರವನ್ನು ಸುತ್ತುವರಿದ ಹೊರಕವಚದ, ಗೋಡೆಯಲ್ಲಿ ಕೂತು, ಎದುರು ಹಾದುಹೋಗುವ ಪ್ರತಿ ರೆಕ್ಕೆಯನ್ನೂ ಎಣಿಸುತ್ತದೆ. ರೆಕ್ಕೆ ಅಯಸ್ಕಾಂತವಾಗಿರಬೇಕಿಲ್ಲ, ವಿದ್ಯುತ್ ಹರಿಯುವ ಲೋಹವಾಗಿದ್ದರೆ ಸಾಕು. ಎರಡನೆಯ ಬಗೆಯಲ್ಲಿ ಶಾಫ್ಟಿನ ತುದಿಯ ನಟ್ ಅಯಸ್ಕಾಂತವಾಗಿದ್ದು, ಹೊರಗಿನ ಸೆನ್ಸರ್ ಅದರ ತಿರುಗಾಟವನ್ನು ಗುರುತಿಸುತ್ತದೆ. ಇದಕ್ಕಾಗಿ ನಟ್ ಬದಲಿಸಬೇಕಾಗುವುದರಿಂದ ಸಮತೋಲನ ಕೆಡುವ ಭಯವಿದೆ. ನನ್ನ ಒಲವು ಮೊದಲನೆಯದಕ್ಕೇ. ಟೈಟೇನಿಯಂ ಚಕ್ರವಿದ್ದರೆ ಸೆನ್ಸರ್ ಆ ಲೋಹಕ್ಕೆ ಹೊಂದುತ್ತದೆಯೇ ಎಂದು ಮೊದಲೇ ಕೇಳಿ ತಿಳಿಯಿರಿ.

5. ಕೂರಿಸುವಾಗ

ಹೌಸಿಂಗಿನಲ್ಲಿ ಸೆನ್ಸರಿಗೆಂದು ಗುರುತು ಮಾಡಿದ ಉಬ್ಬು ಇದ್ದರೆ ಅಲ್ಲಿಯೇ ರಂಧ್ರ ಕೊರೆಯಬೇಕು. ಹೌಸಿಂಗನ್ನು ಟರ್ಬೊದಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟೇ ಕೊರೆಯಿರಿ. ಜೋಡಿಸಿದಂತೆಯೇ ಕೊರೆದು ಗ್ರೀಸಿನಲ್ಲಿ ಚೂರು ಹಿಡಿಯುತ್ತೇನೆ ಎನ್ನುವ ಮೆಕ್ಯಾನಿಕ್‌ಗೆ ಒಪ್ಪಬೇಡಿ. ಉಳಿದ ಒಂದು ಚೂರು ಸಾಕು, ನೀವು ಕಾಪಾಡಲು ಹೊರಟ ಚಕ್ರವನ್ನೇ ಅದು ಕೆಡಿಸುತ್ತದೆ. ಉಬ್ಬು ಇಲ್ಲದ ಹೌಸಿಂಗಿನಲ್ಲಿ ಗೋಡೆಯ ದಪ್ಪ ಮತ್ತು ರಂಧ್ರದ ಕೋನ ನಿರ್ಧರಿಸುವುದು ಟರ್ನರ್‌ನ ಕೆಲಸ, ಅಂದಾಜಿನ ಕೆಲಸವಲ್ಲ.

ಸೆನ್ಸರಿನ ತುದಿ ಒಳಗೋಡೆಯ ಸಮಕ್ಕೆ ಅಥವಾ ಕೂದಲೆಳೆಯಷ್ಟು ಹಿಂದೆ ಇರಬೇಕು. ಎಂದೂ ಮುಂದಕ್ಕೆ ಚಾಚಬಾರದು. ರೆಕ್ಕೆಗೂ ತುದಿಗೂ ಇರಬೇಕಾದ ಅಂತರ ಸೆನ್ಸರಿನ ಸೂಚನಾ ಪತ್ರದಲ್ಲಿರುತ್ತದೆ. ಶಾಫ್ಟ್ ತನ್ನ ಬೇರಿಂಗಿನ ಆಯಿಲ್ ಪದರದೊಳಗೆ ತುಸು ಅಲುಗಾಡುತ್ತದೆ ಎಂಬುದನ್ನೂ ನೆನಪಿಡಿ. ಜೋಡಿಸಿದ ಮೇಲೆ ಚಕ್ರವನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸುತ್ತಾ, ಪಕ್ಕಕ್ಕೆ ಒತ್ತಿಯೂ ನೋಡಿ, ಎಲ್ಲೂ ತಗುಲಬಾರದು.

ವೈರು ಜಾಲರಿ ಹೊದಿಕೆಯದ್ದೇ ಆಗಿರಲಿ. ಇಗ್ನಿಷನ್ ಕಾಯಿಲ್, ಆಲ್ಟರ್ನೇಟರ್ ಇವುಗಳ ಬಳಿ ಹಾಯಿಸಬೇಡಿ.

6. ಓದಿಕೆ ನಿಜವೇ ಎಂದು ಪರೀಕ್ಷಿಸಿ

ಹೆಚ್ಚಿನ ಗೊಂದಲ ಹುಟ್ಟುವುದು ಈ ಹಂತದಲ್ಲಿ. ಹಲವು ಕಂಪ್ರೆಸರ್ ಚಕ್ರಗಳಲ್ಲಿ 6 ಉದ್ದ ರೆಕ್ಕೆಗಳೂ ಅವುಗಳ ನಡುವೆ 6 ಗಿಡ್ಡ ರೆಕ್ಕೆಗಳೂ ಇರುತ್ತವೆ. ಸೆನ್ಸರ್ ಗಾಳಿ ಒಳಬರುವ ಬಾಯಿಯ ಬಳಿ ಇದ್ದರೆ ಉದ್ದನೆಯ 6 ಮಾತ್ರ ಕಾಣುತ್ತವೆ, ಹಿಂದಕ್ಕಿದ್ದರೆ 12. ಗೇಜಿನಲ್ಲಿ 6 ಎಂದು ಹಾಕಿ ಸೆನ್ಸರ್ 12 ನ್ನು ನೋಡುತ್ತಿದ್ದರೆ ವೇಗ ಇಮ್ಮಡಿ ತೋರುತ್ತದೆ, ಅದು ಥಟ್ಟನೆ ಗೊತ್ತಾಗುತ್ತದೆ. ತಿರುವುಮುರುವಾದರೆ ಅರ್ಧ ತೋರುತ್ತದೆ. ಅಪಾಯ ಇರುವುದು ಅದರಲ್ಲಿ, ಏಕೆಂದರೆ ಎಲ್ಲವೂ ಸುರಕ್ಷಿತವೆಂಬ ನೆಮ್ಮದಿಯಲ್ಲಿ ನೀವು ಓಡಿಸುತ್ತಿರುತ್ತೀರಿ.

1,80,000 ಸುತ್ತಿನಲ್ಲಿ 6 ರೆಕ್ಕೆಗಳು ಸೆಕೆಂಡಿಗೆ 18,000 ಮಿಡಿತ ಕೊಡುತ್ತವೆ, 12 ಆದರೆ 36,000. ಅಷ್ಟನ್ನು ಓದಲಾಗದ ಗೇಜಿಗಾಗಿ ಮಿಡಿತಗಳನ್ನು 8 ಅಥವಾ ಬೇರೊಂದು ಸಂಖ್ಯೆಯಿಂದ ಭಾಗಿಸಿ ಕಳಿಸುವ ಸರ್ಕ್ಯೂಟ್ ಸೆನ್ಸರಿನಲ್ಲೇ ಇರಬಹುದು. ಆ ಭಾಜಕವನ್ನೂ ಗೇಜಿನಲ್ಲಿ ಸರಿಯಾಗಿ ನಮೂದಿಸಬೇಕು.

ತಾಳೆ ನೋಡಲು ಒಂದು ಒಳ್ಳೆಯ ಉಪಾಯವಿದೆ. ಮೊಬೈಲಿನಲ್ಲಿ ಧ್ವನಿಯ ಆವರ್ತನ ತೋರಿಸುವ ಆ್ಯಪ್ ಹಾಕಿ, ಪಕ್ಕದಲ್ಲಿ ಕುಳಿತವರಿಂದ ಟರ್ಬೊದ ಸಿಳ್ಳೆಯನ್ನು ದಾಖಲಿಸಿ. ಶಾಫ್ಟಿನ ಅತಿಸಣ್ಣ ಅಸಮತೋಲನದಿಂದ ಹುಟ್ಟುವ ಸಿಳ್ಳೆ ಶಾಫ್ಟಿನ ವೇಗದಲ್ಲೇ ಇರುತ್ತದೆ: 1,50,000 ಸುತ್ತು ಎಂದರೆ 2,500 ಹರ್ಟ್ಜ್. ಬೂಸ್ಟ್ ಏರಿದಂತೆ ಏರುವ ಗೆರೆಯನ್ನು ಹಿಡಿದು 60 ರಿಂದ ಗುಣಿಸಿ, ಗೇಜಿನ ಸಂಖ್ಯೆಗೆ ಹೋಲಿಸಿ. ವೇಗ ಏರಿದರೂ ಬಹುಮಟ್ಟಿಗೆ ಒಂದೇ ಶ್ರುತಿಯಲ್ಲಿ ನಿಲ್ಲುವ ಇನ್ನೊಂದು ಸದ್ದು ಕೇಳಿಸಬಹುದು. ಅದು ಬೇರಿಂಗಿನ ಆಯಿಲ್ ಪದರದ ಸುಳಿಯಿಂದ ಬರುವಂಥದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

7. ಆರೋಗ್ಯವಾಗಿರುವಾಗಲೇ ಒಂದು ದಾಖಲೆ ಮಾಡಿಟ್ಟುಕೊಳ್ಳಿ

ಸೆನ್ಸರಿನ ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿ. ಫಿಲ್ಟರ್ ಹೊಸದಿದ್ದು, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ದಿನ, ಒಂದೇ ಗೇರಿನಲ್ಲಿ, ಒಂದೇ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ ದಾಖಲಿಸಿ: ಶಾಫ್ಟಿನ ವೇಗ, ಬೂಸ್ಟ್, ಎಂಜಿನ್ ಆರ್‌ಪಿಎಂ, ಒಳಗಾಳಿಯ ಉಷ್ಣಾಂಶ, ವಾತಾವರಣದ ಒತ್ತಡ, ವೇಸ್ಟ್‌ಗೇಟ್ ಅಥವಾ ವಿಜಿಟಿ ರೆಕ್ಕೆಗಳ ಸ್ಥಾನ. ಸೆಕೆಂಡಿಗೆ 10 ಸಲಕ್ಕಿಂತ ಕಡಿಮೆ ದಾಖಲಿಸಬೇಡಿ. ಆಕ್ಸಿಲರೇಟರನ್ನು ಥಟ್ಟನೆ ಒತ್ತಿದಾಗ, ವಿಜಿಟಿ ರೆಕ್ಕೆಗಳು ತೆರೆದುಕೊಳ್ಳುವ ಮೊದಲು, ವೇಗ ಒಂದು ಕ್ಷಣ ಗುರಿಯನ್ನು ದಾಟಿ ಇಳಿಯುತ್ತದೆ. ಸರಾಸರಿ ತೋರಿಸುವ ನಿಧಾನಗತಿಯ ಗೇಜಿನಲ್ಲಿ ಆ ಶಿಖರ ಕಾಣುವುದೇ ಇಲ್ಲ.

ಮುಂದೆ ಕೆಲವು ತಿಂಗಳಿಗೊಮ್ಮೆ ಅದೇ ಏರಿನಲ್ಲಿ, ಹೆಚ್ಚುಕಡಿಮೆ ಅದೇ ಹವೆಯಲ್ಲಿ ಮತ್ತೆ ದಾಖಲಿಸಿ ಹೋಲಿಸಿ. ಬೂಸ್ಟ್ ಅಷ್ಟೇ ಇದ್ದು ವೇಗ ಏರಿದ್ದರೆ ಸೋರಿಕೆ ಅಥವಾ ಫಿಲ್ಟರ್. ಎರಡೂ ಏರಿದ್ದರೆ ವೇಸ್ಟ್‌ಗೇಟ್, ವಿಜಿಟಿ ರೆಕ್ಕೆ ಅಥವಾ ನಿಯಂತ್ರಣದ ತೊಂದರೆ. ಎರಡೂ ಇಳಿದಿದ್ದರೆ ಟರ್ಬೈನಿಗೆ ಮುಂಚೆಯೇ ಹೊಗೆ ಸೋರುತ್ತಿದೆ, ಇಲ್ಲವೇ ವೇಸ್ಟ್‌ಗೇಟ್ ಮುಚ್ಚುತ್ತಿಲ್ಲ, ಇಲ್ಲವೇ ಶಾಫ್ಟೇ ಬಿಗಿಯಾಗುತ್ತಿದೆ. ಎಂಜಿನ್ನಿನ ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಬೂಸ್ಟ್ ಏರದೆ ವೇಗ ಏರುತ್ತಿದ್ದರೆ ಕಂಪ್ರೆಸರ್ ತನ್ನ ಹರಿವಿನ ಕೊನೆ ಮುಟ್ಟಿದೆ. ಟರ್ಬೊ ಆ ಎಂಜಿನ್ನಿಗೆ ಚಿಕ್ಕದಾಯಿತು ಎಂದರ್ಥ. ಬೂಸ್ಟ್ ಗುರಿ ಹೆಚ್ಚಿಸಿದಷ್ಟೂ ವೇಗ ಏರುತ್ತದೆಯೇ ಹೊರತು ಗಾಳಿ ಹೆಚ್ಚುವುದಿಲ್ಲ.

8. ಎಚ್ಚರಿಕೆ ಗಂಟೆ ಮತ್ತು ತಡೆ

ಪ್ರಕಟಿತ ಮಿತಿಯ 95 ಶೇಕಡಾಕ್ಕೆ ಎಚ್ಚರಿಕೆ ಇಡಿ. ದಿನನಿತ್ಯದ ಓಡಾಟ 90 ಶೇಕಡಾದೊಳಗೆ ಇರಲಿ ಎಂಬುದು ನನ್ನ ಸಲಹೆ. ಎಚ್ಚರಿಕೆ ಬಂದರೆ ಆಕ್ಸಿಲರೇಟರ್ ಸಡಿಲಿಸಿ, ಏರಿನಲ್ಲಿದ್ದರೆ ಗೇರ್ ಇಳಿಸಿ ನಿಧಾನಕ್ಕೆ ಹತ್ತಿ.

ಪ್ರೋಗ್ರಾಂ ಮಾಡಬಲ್ಲ ನಿಯಂತ್ರಕವಿದ್ದರೆ ಅದಕ್ಕೆ ಮೊದಲು ವೇಸ್ಟ್‌ಗೇಟ್ ತೆರೆಯಲು, ಸಾಲದಿದ್ದರೆ ಡೀಸೆಲ್ ಎಂಜಿನ್‌ನಲ್ಲಿ ಇಂಧನ ತಗ್ಗಿಸಲು ಹೇಳಿ. ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿಯನ್ನು ತಡವಾಗಿಸಿ ಶಕ್ತಿ ಇಳಿಸುವ ದಾರಿಯನ್ನು ಇಲ್ಲಿ ಬಳಸಲೇಬಾರದು. ಕಿಡಿ ತಡವಾದಷ್ಟೂ ಬಿಸಿ ಹೊಗೆಯ ಜೊತೆ ಹೊರಹೋಗುತ್ತದೆ, ಟರ್ಬೈನ್ ಇನ್ನೂ ವೇಗ ಪಡೆಯುತ್ತದೆ.

9. ಈಗಾಗಲೇ ಒಡೆದಿದ್ದರೆ

ಡೀಸೆಲ್ ಎಂಜಿನ್‌ನಲ್ಲಿ ಶಾಫ್ಟ್ ಮುರಿದು ಆಯಿಲ್ ಒಳಗಾಳಿಯ ದಾರಿಗೆ ನುಗ್ಗಿದರೆ, ಕೀಲಿ ತೆಗೆದರೂ ಎಂಜಿನ್ ತನ್ನದೇ ಆಯಿಲನ್ನು ಉರಿಸಿಕೊಂಡು ಏರುತ್ತಲೇ ಹೋಗಬಹುದು. ಕ್ಲಚ್ ಇರುವ ವಾಹನವಾದರೆ ಮೇಲಿನ ಗೇರ್ ಹಾಕಿ, ಬ್ರೇಕ್ ಬಲವಾಗಿ ಒತ್ತಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಿ. ಗಾಳಿಯ ದಾರಿಯನ್ನು ಗಟ್ಟಿಯಾದ ಹಲಗೆಯಿಂದ ಮುಚ್ಚಿದರೂ ನಿಲ್ಲುತ್ತದೆ. ಕೈ ಅಥವಾ ಬಟ್ಟೆ ಎಂದಿಗೂ ಬೇಡ. ಎಂಜಿನ್ ಆಗಲೇ ಕಿರುಚುತ್ತಿದ್ದರೆ ಹತ್ತಿರ ಹೋಗಬೇಡಿ, ಜನರನ್ನು ದೂರ ಕಳಿಸಿ.

ಬಿಚ್ಚಿದ ಟರ್ಬೊವನ್ನು ಗುಜರಿಗೆ ಹಾಕುವ ಮುನ್ನ ಚೆನ್ನಾಗಿ ನೋಡಿ. ಕಂಪ್ರೆಸರ್ ಚಕ್ರದ ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನುಣುಪಾಗಿರಬೇಕಾದ ಅಲ್ಯೂಮಿನಿಯಂ ಕಿತ್ತಳೆಯ ಸಿಪ್ಪೆಯಂತೆ ಗುಳಿಗುಳಿಯಾಗಿ, ಬೆರಳಾಡಿಸಿದರೆ ತರಿತರಿಯಾಗಿ ಸಿಕ್ಕರೆ ಲೋಹ ಎಳೆದುಕೊಂಡಿದೆ ಎಂದು ತಿಳಿಯಿರಿ. ಅತಿವೇಗಕ್ಕೆ ಇದು ಬಲವಾದ ಸಾಕ್ಷಿ. ಚಕ್ರ ನಡುವಿನಿಂದಲೇ ಸೀಳಿದ್ದರೆ, ರೆಕ್ಕೆಗಳು ಬುಡದಿಂದ ಹಾರಿದ್ದೂ ಉಳಿದವುಗಳ ಮುಂದಂಚಿನಲ್ಲಿ ಪೆಟ್ಟಿನ ಗುರುತಿಲ್ಲದಿದ್ದರೆ ಅನುಮಾನ ಇನ್ನೂ ಗಟ್ಟಿ. ಮುಂದಂಚು ಚಪ್ಪಟೆಯಾಗಿ ಕಚ್ಚುಕಚ್ಚಾಗಿದ್ದರೆ ಹೊರಗಿನ ವಸ್ತು ಬಡಿದಿದೆ. ಶಾಫ್ಟ್ ಬೇರಿಂಗ್ ಬಳಿ ನೀಲಿಗಟ್ಟಿ, ಬೇರಿಂಗಿನಲ್ಲಿ ಗೀರುಗಳಿದ್ದರೆ ಮೊದಲು ಆಯಿಲ್ ಪೂರೈಕೆಯನ್ನು ಶಂಕಿಸಿ. ಅತಿವೇಗದಿಂದ ಸಮತೋಲನ ತಪ್ಪಿದ ಶಾಫ್ಟ್ ಕೂಡ ಕೊನೆಗೆ ಬೇರಿಂಗನ್ನು ಕೆಡಿಸುತ್ತದೆ. ಹಾಗಾಗಿ ಬೇರಿಂಗ್ ಹಾಳಾಗಿದೆ ಎಂಬ ಒಂದೇ ಕಾರಣಕ್ಕೆ ಆಯಿಲಿನ ಮೇಲೆ ತಪ್ಪು ಹೊರಿಸಬೇಡಿ, ಚಕ್ರದ ಹಿಂಬದಿಯನ್ನೂ ನೋಡಿಯೇ ಹೇಳಿ.

ಹೊಸ ಟರ್ಬೊ ಕೂರಿಸುವ ಮುನ್ನ ಇಂಟರ್‌ಕೂಲರನ್ನು ಬಿಚ್ಚಿ ಲೋಹದ ಚೂರು ಮತ್ತು ಆಯಿಲ್ ಪೂರ್ತಿ ತೆಗೆಯಿರಿ. ತೊಳೆದು ಚೂರು ಹೋಗದಿದ್ದರೆ ಇಂಟರ್‌ಕೂಲರನ್ನೇ ಬದಲಿಸಿ. ಆಯಿಲ್ ಮತ್ತು ಅದರ ಫಿಲ್ಟರ್ ಹೊಸದಾಗಿರಲಿ, ಟರ್ಬೊಗೆ ಆಯಿಲ್ ತರುವ ಪೈಪನ್ನೂ ಬದಲಿಸಿ. ಮೂರನೇ ಹಂತದ ಸೋರಿಕೆ ಪರೀಕ್ಷೆಯನ್ನು ಎಂಜಿನ್ ಚಾಲೂ ಮಾಡುವ ಮುನ್ನವೇ ಮುಗಿಸಿ. ಮೊದಲ ಕೆಲವು ದಿನ ಬೂಸ್ಟ್ ಗುರಿಯನ್ನು ತಗ್ಗಿಸಿಟ್ಟು, ಶಾಫ್ಟಿನ ವೇಗವನ್ನು ದಾಖಲಿಸಿ ಮ್ಯಾಪಿಗೆ ತಾಳೆ ನೋಡಿದ ಮೇಲಷ್ಟೇ ಅದನ್ನು ಮೊದಲಿನ ಮಟ್ಟಕ್ಕೆ ತನ್ನಿ.